ಊರಿಗೆ ವಾಪಸ್ ಹೋಗೋಣವಾ, ಬೇಡವಾ? ಹೋದವರು ಹೇಳಿ

ಕೇಳಿದ್ದು: ಕೊರಟಗೆರೆ ತಾಲ್ಲೂಕಿನವನು

ದಾಸರಹಳ್ಳಿಯ ಬಾಡಿಗೆ ಮನೆಗೆ ಬಂದು 14 ವರ್ಷ ಆಯಿತು. ಅಮ್ಮ ಹೋದ ವರ್ಷ ತೀರಿಕೊಂಡರು. ಊರಲ್ಲಿ ಅಪ್ಪ ಒಬ್ಬರೇ. 2 ಎಕರೆ 10 ಗುಂಟೆ ಜಮೀನು, ಅದರಲ್ಲಿ 40 ತೆಂಗು, ಉಳಿದದ್ದು ರಾಗಿ ಹೊಲ. ನನಗೆ ಆಫೀಸಿಗೆ ವಾರಕ್ಕೆ ಎರಡು ದಿನ ಹೋದರೆ ಸಾಕು. ಮಗಳು ಮೂರನೇ ಕ್ಲಾಸು. ಹೆಂಡತಿ ಹುಟ್ಟಿ ಬೆಳೆದದ್ದು ರಾಜಾಜಿನಗರ. ಅಪ್ಪನನ್ನು ಇಲ್ಲಿಗೆ ಕರೆದರೆ ಎರಡು ದಿನ ಇರುತ್ತಾರೆ, ಮೂರನೇ ದಿನ "ಬಸ್ ಹತ್ತಿಸಪ್ಪ" ಅಂತಾರೆ. ಊರಿಗೇ ಹೋಗಿಬಿಡೋಣ ಅಂತ ನನಗೆ ಆಸೆ. ಹಳ್ಳಿ ಅಂದರೆ ಸ್ವರ್ಗ ಅನ್ನೋ ಮಾತು ಬೇಡ, ಅದನ್ನು ನಾನೇ ಹೇಳಿಕೊಳ್ಳಬಲ್ಲೆ. ಹೋದವರಿಗೆ, ಹೋಗಿ ವಾಪಸ್ ಬಂದವರಿಗೆ ಏನಾಯಿತು ಅಂತ ತಿಳಿಸಿ.

ಶಿಡ್ಲಘಟ್ಟ ಕಡೆಯವರು

ನಾನು 2020ರ ಲಾಕ್‌ಡೌನ್‌ನಲ್ಲಿ ಬಂದವನು. ಎರಡು ಬ್ಯಾಗ್ ಹಿಡಿದು ಬಂದೆ, ಆಮೇಲೆ ಹೋಗಲೇ ಇಲ್ಲ. ಮೊದಲು ಕೇಳಬೇಕಾದ್ದು ನೀರು. ನಿಮ್ಮ ಪೋಸ್ಟಿನಲ್ಲಿ ತೆಂಗು ಇದೆ, ರಾಗಿ ಇದೆ, ಬೋರ್‌ವೆಲ್ ಮಾತೇ ಇಲ್ಲ!

ನಮ್ಮ ಕಡೆ ಹೊಳೆ ಇಲ್ಲ, ಕಾಲುವೆ ಇಲ್ಲ. ನಾನು ಮೊದಲು ಹಾಕಿಸಿದ ಬೋರ್ 1,150 ಅಡಿಗೆ ಹೋದರೂ ಬರೀ ಧೂಳು. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದ ಯಜಮಾನರು ತಮ್ಮ ಕಾಣಿಕೆ ಇಸ್ಕೊಂಡು ಹೋಗಿಬಿಟ್ಟಿದ್ದರು. ಎರಡನೆಯದರಲ್ಲಿ 1,300 ಅಡಿಗೆ ಒಂದೂವರೆ ಇಂಚು ನೀರು ಬಂತು. ಬೆಂಗಳೂರಲ್ಲಿ ಎಂಟು ವರ್ಷ ಕೂಡಿಟ್ಟ ದುಡ್ಡು ಎರಡು ರಾತ್ರಿಯಲ್ಲಿ ನೆಲದೊಳಗೆ ಹೋಯಿತು. ಆ ನೀರನ್ನೂ ಕುಡಿಯೋ ಹಾಗಿಲ್ಲ, ಫ್ಲೋರೈಡ್ ಜಾಸ್ತಿ. ಕುಡಿಯೋಕೆ ಊರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿ ತರಬೇಕು.

ಈಗ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಾರೆ. ಕೋಲಾರದ ಕಡೆಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ನೀರು 2018ರಲ್ಲೇ ಬಂತು, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿಯದು (ಹೆಬ್ಬಾಳ-ನಾಗವಾರ). ಕೆರೆ ಪಕ್ಕದವರ ಬೋರ್‌ಗಳು ಚೇತರಿಸಿಕೊಂಡಿವೆ, ಕಣ್ಣಾರೆ ನೋಡಿದ್ದೇನೆ. ಎರಡೇ ಹಂತ ಶುದ್ಧ ಮಾಡಿದರೆ ಸಾಲದು, ಮೂರನೇ ಹಂತವೂ ಬೇಕು ಅಂತ ಜಗಳ ನಡೆಯುತ್ತಲೇ ಇದೆ. ನಾವು ಬೆಂಗಳೂರು ಬಿಟ್ಟರೂ ಅಲ್ಲಿನ ಬಚ್ಚಲು ನೀರು ನಮ್ಮನ್ನು ಬಿಡಲಿಲ್ಲ ಅಂತ ನಮ್ಮಣ್ಣ ನಗುತ್ತಾನೆ.

ನಮ್ಮದು ರೇಷ್ಮೆ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ಮೇಲೆ ಹುಳು ತಿನ್ನೋದನ್ನು ನೋಡಬೇಕು ನೀವು. ರಾತ್ರಿ ಹುಳುಮನೆ ಬಾಗಿಲಲ್ಲಿ ನಿಂತರೆ ಹೊರಗೆ ಜಡಿಮಳೆ ಹಿಡಿದ ಹಾಗೆ ಸದ್ದು. ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಸೊಪ್ಪಿನ ತೋಟಕ್ಕೆ ನೀರು ಬಿಡೋಣ ಅಂದರೆ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಹುಳು ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋ ದಿನವೇ ನನಗೆ ಆಫೀಸಿನ ಮೀಟಿಂಗು. ಒಂದು ಕಿವಿಗೆ ಇಯರ್‌ಫೋನ್, ಕೈಯಲ್ಲಿ ಹುಳು. ಎರಡೂ ಕೆಟ್ಟವು. ಆ ಚಳಿಗಾಲ ಒಂದು ಬೆಳೆಗೆ ಸುಣ್ಣಕಟ್ಟು ರೋಗ ಬಂತು, ಹುಳುಗಳು ಬಳಪದ ಕಡ್ಡಿ ಹಾಗೆ ಬೆಳ್ಳಗೆ ಗಟ್ಟಿಯಾಗಿ ಬಿದ್ದವು. ಮುಂದಿನ ವರ್ಷ ನೌಕರಿ ಬಿಟ್ಟೆ. ಈಗ ಪೂರ್ತಿ ರೇಷ್ಮೆ. ಒಳ್ಳೆ ಬೆಳೆ ಬಂದು ಹರಾಜಿನಲ್ಲಿ ರೇಟ್ ಸಿಕ್ಕಿದರೆ ನಾನೇ ರಾಜ. ಸಿಗದ ತಿಂಗಳು ಹೆಂಡತಿಯ ಸಂಬಳದಲ್ಲಿ ಊಟ. ಅವಳಿಗೆ ಟೀಚರ್ ಕೆಲಸ ಇಲ್ಲದಿದ್ದರೆ ನಾನು ಎಂದೋ ಬೆಂಗಳೂರಿಗೆ ವಾಪಸ್ ಹೋಗಿರುತ್ತಿದ್ದೆ.

ನಿಮ್ಮ ಕೆಲಸ ಲ್ಯಾಪ್‌ಟಾಪಿನದಾದರೆ ಜಮೀನಿನ ತಂಟೆಗೆ ಹೋಗಬೇಡಿ. ಅಪ್ಪ ಮಾಡಿದಷ್ಟು ಮಾಡಲಿ.

ಬಂಗಾರಪೇಟೆಯಿಂದ

ನಾನು 27 ವರ್ಷ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆ. ಊರೂ ಬಿಡಲಿಲ್ಲ, ಕೆಲಸವೂ ಬಿಡಲಿಲ್ಲ. ಬೆಳಿಗ್ಗೆ ಕತ್ತಲೆಯಲ್ಲಿ ಹೊರಟರೆ ರಾತ್ರಿ ಕತ್ತಲೆಯಲ್ಲಿ ಮನೆ. ಮಕ್ಕಳನ್ನು ಬೆಳಕಿನಲ್ಲಿ ನೋಡಿದ್ದು ಭಾನುವಾರ ಮಾತ್ರ. ಬೋಗಿಯ ಸ್ನೇಹಿತರು ಮಾತ್ರ ಇವತ್ತಿಗೂ ಇದ್ದಾರೆ, ಮಗಳ ಮದುವೆಗೆ ಬಡಿಸಿದವರು ಅವರೇ. ವಾರಕ್ಕೆ ಎರಡು ದಿನ ಅಂದರೆ ಧಾರಾಳವಾಗಿ ಮಾಡಬಹುದು. ಆರು ದಿನ ಬೇಡ ತಮ್ಮ.

ಶ್ರೀನಿವಾಸಪುರದ ಸೊಸೆ

ಅಣ್ಣ, ತೆಂಗಿನ ಮರ ಎಷ್ಟು ಅಂತ ಲೆಕ್ಕ ಬರೆದಿದ್ದೀರಿ. ಹೆಂಡತಿ ಬಗ್ಗೆ ಇರೋದು ಒಂದೇ ಸಾಲು, ಅದೂ ಅವರ ತವರು ಯಾವುದು ಅಂತ. ಅವರು ಏನಂತಾರೆ?

ನಾನು ಮಲ್ಲೇಶ್ವರದವಳು. ಗಂಡನಿಗೆ ಮಾವಿನ ತೋಟ ನೋಡಿಕೊಳ್ಳುವ ಆಸೆ, ಆರು ವರ್ಷದ ಹಿಂದೆ ಬಂದೆವು. ಇಲ್ಲಿ ಮನೆಮಾತು ತೆಲುಗು. ನನಗೆ ಒಂದಕ್ಷರ ಬರುತ್ತಿರಲಿಲ್ಲ. ಅತ್ತೆ, ಓರಗಿತ್ತಿ, ಪಕ್ಕದ ಮನೆಯವರು ಜಗಲಿ ಮೇಲೆ ಕೂತು ನಕ್ಕರೆ ನನ್ನ ಬಗ್ಗೆಯೇ ಅನ್ನಿಸುತ್ತಿತ್ತು. ಭಾಷೆ ಕಲಿತ ಮೇಲೆ ಗೊತ್ತಾಯಿತು, ಅರ್ಧದಷ್ಟು ಸಲ ನನ್ನ ಬಗ್ಗೆಯೇ!

ಗಂಡಸರಿಗೆ ಹಳ್ಳಿ ಅಂದರೆ ತೋಟ, ಅರಳಿಕಟ್ಟೆ. ನಮಗೆ ಹಳ್ಳಿ ಅಂದರೆ ಕೊಳಾಯಿ. ನೀರು ಬರೋದು ನಾಲ್ಕು ದಿನಕ್ಕೆ ಒಂದು ಸಲ, ಯಾವ ಹೊತ್ತಿಗೆ ಅಂತ ಹೇಳೋ ಹಾಗಿಲ್ಲ. ಬಂತು ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಡ್ರಮ್, ಬಿಂದಿಗೆ, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಬೇಕು. ಸೀಮೆ ಹಸು ಎರಡಿವೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೈರಿಗೆ ಹಾಲು ಹಾಕಬೇಕು. ಹಸುವಿಗೆ ಭಾನುವಾರ ಇಲ್ಲ, ಹಾಗಾಗಿ ನನಗೂ ಇಲ್ಲ. ಮೊದಲ ವರ್ಷ ತವರಿನ ಮದುವೆಗೆ ಹೋಗಿ ಅದೇ ದಿನ ಸಂಜೆ ವಾಪಸ್ ಬಂದೆ, ಹಾಲು ಕರೆಯೋರು ಇಲ್ಲ ಅಂತ. ಬಸ್ಸಿನಲ್ಲಿ ಹೊಸಕೋಟೆ ದಾಟೋವರೆಗೂ ಅತ್ತಿದ್ದೇನೆ.

ಹಾಗಂತ ಬರೀ ಅಳು ಅಂತ ತಿಳಿಯಬೇಡಿ. ಹಾಲಿನ ಬಟವಾಡೆ ನನ್ನ ಖಾತೆಗೆ ಬರೋ ಹಾಗೆ ಮಾಡಿಸಿಕೊಂಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆ ಯಾರ ಕೈಯನ್ನೂ ನೋಡಬೇಕಾಗಿಲ್ಲ, ತಿಂಗಳಿಗೊಮ್ಮೆ ಅಮ್ಮನ ಮನೆಗೆ ಹೋಗಿ ಒಂದು ರಾತ್ರಿ ಇದ್ದು ಬರುತ್ತೇನೆ. ಆ ದಿನ ಹಾಲು ಕರೆಯೋದು ಗಂಡ. ಮೊದಲ ಸಲ ಹಸು ಒದ್ದಿತು, ಈಗ ಪರವಾಗಿಲ್ಲ. ಮಕ್ಕಳು ಶಾಲೆಯಿಂದ ಬಂದರೆ ಎಲ್ಲಿದ್ದಾರೆ ಅಂತ ಹುಡುಕಬೇಕಾಗಿಲ್ಲ, ಯಾವುದೋ ಮನೆಯಲ್ಲಿ ತಿಂಡಿ ತಿನ್ನುತ್ತಿರುತ್ತಾರೆ.

ನಿಮ್ಮ ಮನೆಯವರನ್ನು ಹಬ್ಬದ ದಿನ ಊರಿಗೆ ಕರೆದುಕೊಂಡು ಹೋಗಿ "ಹೇಗಿದೆ?" ಅಂತ ಕೇಳಬೇಡಿ. ಏಪ್ರಿಲ್‌ನಲ್ಲಿ ಒಂದು ತಿಂಗಳು ಇರಿಸಿ. ಬಚ್ಚಲು ಮನೆ, ಶೌಚಾಲಯ ಸರಿ ಮಾಡಿಸಿದ ಮೇಲೆ.

ತುಮಕೂರು ಟೌನಿನವರು

ದಾಸರಹಳ್ಳಿ ಅಥವಾ ಹಳ್ಳಿ, ಎರಡೇ ದಾರಿ ಅಂತ ಯಾಕೆ ಅಂದುಕೊಂಡಿದ್ದೀರಿ? ಕೊರಟಗೆರೆಯಿಂದ ತುಮಕೂರು ಮುಕ್ಕಾಲು ಗಂಟೆ ದಾರಿ. ನಮ್ಮ ಊರು ಮಧುಗಿರಿ ಹತ್ತಿರ. ನಾವು ತುಮಕೂರಲ್ಲಿ ಮನೆ ಮಾಡಿದೆವು. ಮಗನ ಸ್ಕೂಲ್, ಆಸ್ಪತ್ರೆ ಎಲ್ಲಾ ಹತ್ತಿರ. ಬೆಂಗಳೂರು 70 ಕಿಲೋಮೀಟರ್, ರೈಲು ಇದೆ, ಬಸ್ಸಿಗಂತೂ ಲೆಕ್ಕ ಇಲ್ಲ. 2024ರ ನವೆಂಬರ್‌ನಿಂದ ಮೆಟ್ರೊ ಮಾದಾವರದವರೆಗೂ ಬಂದಿದೆ. ಹೈವೇ ಬಸ್ಸಿನಿಂದ ಅಲ್ಲೇ ಇಳಿದು ಮೆಟ್ರೊ ಹತ್ತಿದರೆ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಜಾಮ್ ತಪ್ಪುತ್ತದೆ.

ಕೊರತೆ ಇಲ್ಲ ಅಂತಲ್ಲ. ಊರಿಗೆ ಬರೋದು ಹೇಮಾವತಿ ನೀರು, ಬುಗುಡನಹಳ್ಳಿ ಕೆರೆಯಲ್ಲಿ ಕಡಿಮೆ ಆಯಿತು ಅಂದರೆ ನಲ್ಲಿಗಳಿಗೆ ಗೊತ್ತಾಗಿಬಿಡುತ್ತದೆ. ರಸ್ತೆ ಅಗೆಯೋದಂತೂ ಮುಗಿಯೋದೇ ಇಲ್ಲ. ಆದರೆ ಅಪ್ಪನಿಗೆ ರಾತ್ರಿ ಎದೆನೋವು ಬಂದ ದಿನ ನಾನು ಊರಿಗೆ ಹೋಗಿ ಅವರನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸೋಷ್ಟರಲ್ಲಿ ಬೆಂಗಳೂರಲ್ಲಿದ್ದ ತಂಗಿ ಇನ್ನೂ ನೆಲಮಂಗಲದ ಟೋಲ್‌ನಲ್ಲಿ ನಿಂತಿದ್ದಳು. ಅವತ್ತೇ ನನ್ನ ಅನುಮಾನ ಎಲ್ಲಾ ತೀರಿತು.

ಗುಬ್ಬಿ ಕಡೆಯವರು

ಒಂದೇ ಮಾತು. ಪಹಣಿ ತೆಗೆಸಿ ನೋಡಿ. ನಮ್ಮದು ತಾತನ ಹೆಸರಲ್ಲೇ ಇತ್ತು, ತಾತ ತೀರಿಕೊಂಡು 19 ವರ್ಷ ಆಗಿತ್ತು. ಸಾಲ ಕೇಳೋಕೆ ಬ್ಯಾಂಕಿಗೆ ಹೋದಾಗ ಗೊತ್ತಾಯಿತು. ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರಿಗೆ ಮಾಡಿಸೋದು), ವಿಭಾಗ, ಪೋಡಿ (ಅಳತೆ ಮಾಡಿಸಿ ಪಾಲು ಬೇರೆ ಮಾಡಿಸೋದು) ಅಂತ ಓಡಾಡಿ ಎರಡು ವರ್ಷ ಹೋಯಿತು. ಅತ್ತೆಯಂದಿರ ಸಹಿ ಬೇಕು, ಒಬ್ಬರು ಮಾತು ಬಿಟ್ಟಿದ್ದರು. ಅಪ್ಪ ಗಟ್ಟಿಯಾಗಿರುವಾಗಲೇ ಮಾಡಿಸಿಕೊಳ್ಳಿ.

ಕೇಳಿದವನು, ಹತ್ತು ದಿನ ಆದಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಶ್ರೀನಿವಾಸಪುರದ ಅಕ್ಕನ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇಡ್ಲಿ ಪಾತ್ರೆ ವಿಷಯ ಇನ್ನೊಂದು ಸಲ ಓದಿ" ಅಂದಳು. ಆಮೇಲೆ "ತುಮಕೂರಾದರೆ ಬರ್ತೀನಿ, ಹಸು ಮಾತ್ರ ಬೇಡ" ಅಂದಳು.

ಭಾನುವಾರ ಊರಿಗೆ ಹೋಗಿದ್ದೆ. ಪಹಣಿ ಗುಬ್ಬಿಯವರು ಹೇಳಿದ ಹಾಗೇ ತಾತನ ಹೆಸರಲ್ಲೇ ಇದೆ! ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ಒಂದು ಗಂಟೆ ಓಡಿದರೆ ಮತ್ತೆ ಎರಡು ಗಂಟೆ ಬಿಡಬೇಕಂತೆ. ತುಮಕೂರಲ್ಲಿ ಮನೆ ಮಾಡೋ ವಿಷಯ ಹೇಳಿದಾಗ ಅಪ್ಪ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಕಾಯಿ ಸುಲಿಯುತ್ತಲೇ ಇದ್ದರು. ಹೊರಡೋ ಹೊತ್ತಿಗೆ, "ತುಮಕೂರಿಗಾದರೆ ನಾನೇ ವಾರಕ್ಕೊಂದು ಸಲ ಬಂದು ಹೋಗ್ತೀನಿ, ರಾತ್ರಿ ಉಳ್ಕೋ ಅನ್ನಬೇಡ" ಅಂದರು.

ಕ್ಯಾತ್ಸಂದ್ರ ಸ್ಟೇಷನ್ ಹತ್ತಿರ ಎರಡು ರೂಮಿನ ಬಾಡಿಗೆ ಮನೆ ಇದ್ದರೆ ತಿಳಿಸಿ. ನೆಲಮಹಡಿಯಾದರೆ ಒಳ್ಳೆಯದು, ಅಪ್ಪನಿಗೆ ಮಂಡಿನೋವು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನೋದನ್ನೂ ತಪ್ಪದೆ ಬರೆಯಿರಿ.