ಮೊಲದ ಕೂದಲ ಉದರಾಕತ್ತಾವು, ಯಾವ ಬ್ರಷ್ ತಗೋಬೇಕ್ರಿ?

ಪ್ರಶ್ನೆ (ವಿಜಯಪುರ): ಬಿಸಲ ಸುರು ಆದ ಮ್ಯಾಲೆ ಮೊಲದ ಕೂದಲ ಗೊಂಚಲ ಗೊಂಚಲ ಉದರಾಕತ್ತಾವ್ರಿ. ನಾಯಿಗೆ ಬಳಸೋ ತಂತಿ ಬ್ರಷ್ ನಡೀತೈತೇನ್ರಿ?

ಉತ್ತರ (ಬೆಳಗಾವಿ): ಬ್ಯಾಡ್ರಿ. ಮೊಲದ ಚರ್ಮ ಭಾಳ ತೆಳು, ತಂತಿ ಗೀರತೈತಿ. ಮೊದಲ ಅಂಗೈ ಹಸಿ ಮಾಡಿ ಸವರ್ರಿ, ಸಡಿಲ ಕೂದಲ ಕೈಗೇ ಬರತಾವು. ಆಮ್ಯಾಲೆ ಮೆತ್ತನ ರಬ್ಬರ್ ಬ್ರಷ್, ಕೂದಲ ಮಲಗಿದ ದಿಕ್ಕಿಗೇ. ಸೊಂಟ, ಬಾಲದ ಬುಡಕ್ಕ ಸಣ್ಣ ಹಲ್ಲಿನ ಹಣಗಿ. ದಿನಾ 5-10 ನಿಮಿಷ ಸಾಕು. ಅಂಗಾತ ಮಲಗಿಸಬ್ಯಾಡ್ರಿ, ಜೋರಾಗಿ ಒದ್ದರ ಬೆನ್ನೆಲುಬು ಮುರಿಬಹುದು.

ಉತ್ತರ (ಬಾಗಲಕೋಟೆ): ಮೊಲಕ್ಕ ವಾಂತಿ ಆಗಂಗಿಲ್ರಿ, ನೆಕ್ಕಿ ನುಂಗಿದ ಕೂದಲ ಹಿಕ್ಕಿಯಾಗನ ಹೋಗಬೇಕು. ಅದಕ್ಕ ಒಣಹುಲ್ಲ, ನೀರ ಕಡಿಮಿ ಬೀಳಬಾರದು. ಹಿಕ್ಕಿ ಮಣಿಸರದಂಗ ಕೂದಲಕ್ಕ ಪೋಣಿಸಿಕೊಂಡ ಬಂದರ ಬ್ರಷ್ ಮಾಡೋದು ಹೆಚ್ಚಿಸ್ರಿ. ಅರ್ಧ ದಿನ ಏನೂ ತಿನ್ನಲಿಲ್ಲಂದ್ರ ತಡಾ ಮಾಡಬ್ಯಾಡ್ರಿ, ಪಶುವೈದ್ಯರ ಕಡೆ ಒಯ್ರಿ.

ಉತ್ತರ (ಬೆಳಗಾವಿ): ಗಂಟಿಗೆ ಕತ್ತರಿ ಹಾಕಬ್ಯಾಡ್ರಿ, ಚರ್ಮನೂ ಜೋಡಿ ಎದ್ದ ಬರತೈತಿ. ಬುಡಾ ಹಿಡದು ಬೆರಳಿಲೇ ಬಿಡಸ್ರಿ.