ವೀರ್ಯಾಣುವಿನ ಆರ್‌ಎನ್‌ಎಯಲ್ಲಿ 18ಎಸ್, 28ಎಸ್ ಪೀಕ್ ಬಂದರೆ ಒಳ್ಳೆಯದೇ?

ಪ್ರಶ್ನೆ:
ಮನುಷ್ಯರ ವೀರ್ಯಾಣುಗಳ ಸಣ್ಣ ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ ಸ್ಯಾಂಪಲ್ ತಯಾರಿ ನಡೆದಿದೆ. ವೀರ್ಯ ನೀರಾದ ಮೇಲೆ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಒಮ್ಮೆ ತೊಳೆದು, ನೇರ ಟ್ರೈಜಾಲ್ (ಕೋಶ ಒಡೆದು ಆರ್‌ಎನ್‌ಎ ತೆಗೆಯುವ ದ್ರಾವಣ) ಹಾಕಿದೆವು. 1 ಕೋಟಿ ವೀರ್ಯಾಣುವಿನಿಂದ ಸಿಕ್ಕ ಆರ್‌ಎನ್‌ಎ ತೀರಾ ಕಡಿಮೆ. ಆದರೆ ಬಯೊಅನಲೈಸರ್‌ನಲ್ಲಿ (ಆರ್‌ಎನ್‌ಎ ತುಂಡುಗಳ ಉದ್ದ ತೋರಿಸುವ ಯಂತ್ರ) ರೈಬೋಸೋಮ್ ಆರ್‌ಎನ್‌ಎಯ 18ಎಸ್, 28ಎಸ್ ಪೀಕ್ ಸ್ಪಷ್ಟವಾಗಿವೆ. ಮುಂದುವರಿಯಬಹುದೇ?

ಉತ್ತರ 1:
ಬೇಡ. ಬೇರೆ ಕೋಶಗಳಲ್ಲಿ ಆ ಪೀಕ್‌ಗಳು ಗುಣಮಟ್ಟದ ಗುರುತು, ಇಲ್ಲಿ ಕಲಬೆರಕೆಯ ಗುರುತು. ಬಲಿತ ವೀರ್ಯಾಣುವಿನ ರೈಬೋಸೋಮ್ ಆರ್‌ಎನ್‌ಎ ಆಗಲೇ ತುಂಡಾಗಿರುತ್ತದೆ. ಲೆಕ್ಕ ನೋಡಿ: ಒಂದು ವೀರ್ಯಾಣುವಿನಲ್ಲಿ ಇರುವುದೇ ಸುಮಾರು 50 ಫೆಮ್ಟೊಗ್ರಾಂ. ದೇಹದ ಬೇರೆ ಕೋಶಕ್ಕೆ 10 ಪಿಕೊಗ್ರಾಂ ಎಂದು ಹಿಡಿದರೂ ಅದೊಂದೇ 200 ವೀರ್ಯಾಣುಗಳಿಗೆ ಸಮ. ಸಾವಿರಕ್ಕೆ ಐದು ಅಂಥ ಕೋಶ ಉಳಿದರೆ ನಿಮ್ಮ ಟ್ಯೂಬಿನ ಅರ್ಧ ಆರ್‌ಎನ್‌ಎ ಅವುಗಳದ್ದೇ!

ಮೊದಲು 40/80 ಗ್ರೇಡಿಯಂಟ್‌ನಲ್ಲಿ (ಶೇ. 40 ಮತ್ತು ಶೇ. 80ರ ಎರಡು ಸಾಂದ್ರತೆಯ ಪದರ) ವೀರ್ಯಾಣುಗಳನ್ನು ಬೇರ್ಪಡಿಸಿ. ಆಮೇಲೆ ಶೇ. 0.1 ಎಸ್‌ಡಿಎಸ್, ಶೇ. 0.5 ಟ್ರೈಟಾನ್ ಎಕ್ಸ್-100 (ಎರಡೂ ಡಿಟರ್ಜೆಂಟ್) ಇರುವ ಬಫರ್‌ನಲ್ಲಿ ಐಸ್ ಮೇಲೆ ಅರ್ಧ ಗಂಟೆ ಇಡಿ. ಬೇರೆ ಕೋಶಗಳು ಒಡೆಯುತ್ತವೆ, ವೀರ್ಯಾಣುವಿನ ತಲೆ ಗಟ್ಟಿಯಾಗಿ ಉಳಿಯುತ್ತದೆ. ಮೈಕ್ರೊಸ್ಕೋಪಿನಲ್ಲಿ ಒಂದೂ ದುಂಡು ಕೋಶ ಕಾಣಬಾರದು. ಕೊನೆಗೆ ಸಿಡಿ45 (ಬಿಳಿ ರಕ್ತಕಣದ ಗುರುತು), ಸಿಡಿಹೆಚ್1 (ಎಪಿಥೀಲಿಯಲ್ ಕೋಶದ ಗುರುತು) ಆರ್‌ಟಿ-ಪಿಸಿಆರ್ ಮಾಡಿ, ಎರಡೂ ಇಲ್ಲವೆಂದು ಖಾತರಿ ಮಾಡಿಕೊಳ್ಳಿ.

ಉತ್ತರ 2:
ಇಳುವರಿ ಕಡಿಮೆಯಾಗಲು ಕಾರಣವೂ ಆ ಗಟ್ಟಿ ತಲೆಯೇ. ಅದರಲ್ಲಿ ಡಿಎನ್‌ಎ ಸುತ್ತಿಟ್ಟಿರುವ ಪ್ರೋಟಮೀನ್ ಪ್ರೋಟೀನ್‌ಗಳು ಡೈಸಲ್ಫೈಡ್ ಬಂಧದಿಂದ ಬಿಗಿದಿರುತ್ತವೆ, ಬರೀ ಟ್ರೈಜಾಲ್‌ಗೆ ಬಿಚ್ಚಿಕೊಳ್ಳುವುದಿಲ್ಲ. ಗ್ವಾನಿಡಿನ್ ಬಫರ್‌ಗೆ ಟಿಸೆಪ್ (ಆ ಬಂಧ ಬಿಡಿಸುವ ರಾಸಾಯನಿಕ) ಸೇರಿಸಿ, 0.2 ಮಿ.ಮೀ. ಸ್ಟೀಲ್ ಮಣಿಗಳ ಜೊತೆ 5 ನಿಮಿಷ ಜೋರಾಗಿ ಕುಲುಕಿ. ಆರ್‌ಎನ್‌ಎ ಶುದ್ಧ ಮಾಡುವ ಮಾಮೂಲಿ ಕಾಲಂನಲ್ಲಿ 200 ನ್ಯೂಕ್ಲಿಯೊಟೈಡ್‌ಗಿಂತ ಚಿಕ್ಕವು ಸೋರಿಹೋಗುತ್ತವೆ. ಸಣ್ಣ ಆರ್‌ಎನ್‌ಎ ಕಿಟ್ ತಗೊಂಡು ಒಂದೂವರೆ ಪಾಲು ಎಥನಾಲ್ ಹಾಕಿ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಸೀಕ್ವೆನ್ಸಿಂಗ್ ಲೈಬ್ರರಿಯಲ್ಲಿ ಟಿಆರ್‌ಎನ್‌ಎ ತುಂಡುಗಳು ಕಡಿಮೆ ಬಂದರೆ?

ಉತ್ತರ 3:
ಸೀಕ್ವೆನ್ಸಿಂಗ್‌ಗೆ ಜೋಡಿಸುವ ಅಡಾಪ್ಟರ್ ತುಣುಕು ಅಂಟಲು ಆರ್‌ಎನ್‌ಎಯ 3ʹ ತುದಿಯಲ್ಲಿ ಹೈಡ್ರಾಕ್ಸಿಲ್ ಬೇಕು. ಈ ತುಂಡುಗಳಲ್ಲಿ ಅನೇಕಕ್ಕೆ ಅಲ್ಲಿ ಸೈಕ್ಲಿಕ್ ಫಾಸ್ಫೇಟ್ ಇರುತ್ತದೆ, ಅದನ್ನು ಟಿ4 ಪಿಎನ್‌ಕೆ ಕಿಣ್ವ ತೆಗೆಯುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನು ಅರ್ಧದಲ್ಲೇ ನಿಲ್ಲಿಸುವ ಎಂ1ಎ ಥರದ ಮೀಥೈಲ್ ಗುರುತುಗಳನ್ನು ತೆಗೆಯಲು ಆಲ್ಕ್‌ಬಿ ಕಿಣ್ವ ಬಳಸಿ.

ಈ ಗುರುತುಗಳನ್ನು ಬರೀ ತೊಂದರೆ ಎಂದು ನೋಡಬೇಡಿ. 2016ರ ಇಲಿ ಪ್ರಯೋಗದಲ್ಲಿ, ಕೊಬ್ಬಿನ ಆಹಾರ ತಿಂದ ಗಂಡಿಲಿಗಳ ವೀರ್ಯಾಣುವಿನ 30–34 ನ್ಯೂಕ್ಲಿಯೊಟೈಡ್ ತುಂಡುಗಳನ್ನು ಒಂದು ಕೋಶದ ಭ್ರೂಣಕ್ಕೆ ಚುಚ್ಚಿದಾಗ ಮರಿಗಳ ಗ್ಲೂಕೋಸ್ ನಿಭಾವಣೆ ಕೆಟ್ಟಿತು. ಗುರುತಿಲ್ಲದ ಕೃತಕ ತುಂಡುಗಳಿಂದ ಆ ಪರಿಣಾಮ ಬರಲಿಲ್ಲ. ಅದೇ ವರ್ಷದ ಇನ್ನೊಂದು ಕೆಲಸ, ಇಲಿಗಳಲ್ಲಿ ಎಪಿಡಿಡಿಮಿಸ್‌ನ (ವೀರ್ಯಾಣು ಬಲಿತು ಉಳಿಯುವ ನಾಳ) ಕೋಶಕಗಳೇ, ಅಂದರೆ ಪುಟ್ಟ ಚೀಲಗಳೇ, ಇಂಥ ತುಂಡುಗಳನ್ನು ವೀರ್ಯಾಣುವಿಗೆ ತಲುಪಿಸುತ್ತವೆ ಎಂದು ತೋರಿಸಿತು. ಸಂಯಮದ ದಿನಗಳು (ಹಿಂದಿನ ಸ್ಖಲನದಿಂದ ಕಳೆದ ದಿನಗಳು) ಬದಲಾದರೆ ವೀರ್ಯಾಣು ಅಲ್ಲಿ ಉಳಿಯುವ ಕಾಲವೂ ಬದಲಾಗಬಹುದು, ಹಾಗಾಗಿ ನಿಮ್ಮ ದಾನಿಗಳಿಗೆಲ್ಲ ಅವು ಒಂದೇ ಇರಲಿ. ಒಬ್ಬರಿಗೆ 2 ದಿನ, ಇನ್ನೊಬ್ಬರಿಗೆ 7 ಆದರೆ ಹೋಲಿಕೆ ಕೆಡಬಹುದು.