ಬಾಗಿಲಿಗೆ ಹಸಿ ಪತ್ರಿಯ ದುಂಡು ಹಾರ: ಮಾಡಿದವರು ಹೇಳ್ರಿ

ಹೊಸ ಬಾಗಿಲು, ಕಲಬುರಗಿ: ಅಂಗಳದಾಗ ತುಳಸಿ, ಮರುಗ, ಪುದೀನ, ದೊಡ್ಡಪತ್ರಿ, ಮಜ್ಜಿಗಿ ಹುಲ್ಲು ಅವ. ಇವುಗಳಿಂದ 12 ಇಂಚಿನ ದುಂಡು ಹಾರ ಕಟ್ಟಿ ತಲಬಾಗಿಲಿಗೆ ಹಾಕಬೇಕು. ಬಾಗಿಲು ಪಶ್ಚಿಮಕ್ಕದ. ಒಣಗಿದ್ರ ನಡೀತದ, ಕರ್ರಗಾಗಬಾರದು, ಉದುರಬಾರದು. ಹ್ಯಾಂಗ ಮಾಡ್ಲಿ?

ಬೀದರ್ ಕೆಂಪುಮಣ್ಣು: ಮೊದಲ, ರೆಡಿಮೇಡ್ ಉಂಗುರಕ್ಕ ರೊಕ್ಕ ಹಾಕಬ್ಯಾಡ್ರಿ. 180 ರೂಪಾಯಿ ಕೊಟ್ಟು ತಂದಿದ್ದು ಬಿಚ್ಚಿ ನೋಡಿದ್ರ ಸೆಂಟ್ರಿಂಗ್‌ನವ್ರು ಕಬ್ಬಿಣ ಕಟ್ಟೋ ಕರಿ ತಂತಿ, ಮ್ಯಾಲ ಹಸಿರು ಟೇಪು. ಹಸಿ ಪತ್ರಿ ನೀರು ಟೇಪಿನೊಳಗ ಇಳಿದು ಜಂಗು ಹಿಡೀತು, ಗೋಡಿ ಮ್ಯಾಲ ಕಂದು ಗೆರಿ. ಪೇಂಟರ್ ಕೂಲಿ 500, ಬಣ್ಣ 150. ಅಂದ್ರ ಒಂದು ಹಾರಕ್ಕ 830! ಜಿಐ ತಂತಿನೇ (ಸತುವಿನ ಲೇಪ ಇದ್ದದ್ದು) ತರ್ರಿ, 10 ಗೇಜಿಂದು. 12 ಇಂಚಿನ ಉಂಗುರಕ್ಕ ಒಂದು ಸುತ್ತಿಗೆ 38 ಇಂಚು ಬೇಕು. ಎರಡು ಸುತ್ತು, ತುದಿ ಮಡಚಲಿಕ್ಕ ನಾಕು ಇಂಚು, ಒಟ್ಟು ಎರಡು ಮೀಟರ್. ತೂಕ 130 ಗ್ರಾಂ ಆಗ್ತದ, ಹದಿನೈದು ರೂಪಾಯಿ ಮಾಲು. ಪತ್ರಿ ಕಟ್ಟಲಿಕ್ಕ 22 ಗೇಜಿನ ಸಣ್ಣ ತಂತಿ ಸಾಕು. ಪತ್ರಿ ಅಂದ್ರ ರೋಸ್ಮೇರಿ ಒಂದೇ. ಒಣಗಿದ್ರೂ ಎಲಿ ಮುದುಡಂಗಿಲ್ಲ.

ತೊಗರಿ ಹೊಲ: ತೊಗರಿ ನಾಡಿನಾಗ ಕುಂತು ತಂತಿ ಕೊಳ್ಳೋದೇನ್ರಿ? ರಾಶಿ ಮುಗಿದ ಮ್ಯಾಲ ಹೊಲದಾಗ ಕಟಗಿ ಪುಕ್ಕಟ ಬಿದ್ದಿರ್ತದ. ಪೆನ್ಸಿಲ್‌ಗಿಂತ ಸಣ್ಣ ರೆಂಬಿ, ಮೂರು ಅಡಿ ಉದ್ದಂದು, ಆರು ಆರಿಸ್ರಿ. ಡಿಸೆಂಬರ್, ಜನವರಿ ಕಟಾವಿನಾಗ ಹಸಿ ಇದ್ದಾಗ ಹಂಗೇ ಬಾಗ್ತಾವ. ಒಣಗಿದ್ದವು ಗಣ್ಣಿನಾಗ ಪಟ್ ಅಂತ ಮುರೀತಾವ, ಅವನ್ನ ರಾತ್ರಿಯೆಲ್ಲ ನೀರಿನಾಗ ಹಾಕ್ರಿ. ಆಮ್ಯಾಲ ಬಕೇಟಿಗೆ ಸುತ್ತಿ, ತುದಿಗಳು ಒಂದೇ ಕಡೆ ಬರದಂಗ ಜಾರಿಸಿ ಕಟ್ಟಿ, ಎರಡು ದಿನ ಬಕೇಟಿಗೇ ಬಿಡ್ರಿ. ಜಲ್ದಿ ಬಿಚ್ಚಿದ್ರ ದುಂಡು ಹೋಗಿ ಮೊಟ್ಟಿ ಆಕಾರ ಆಗ್ತದ. ಇನ್ನ ರೋಸ್ಮೇರಿ! ಬೀದರದ ಕೆಂಪುಮಣ್ಣಿನಾಗ ನೀರು ಇಳೀತದ. ನಮ್ಮ ಎರಿ ಮಣ್ಣಿನಾಗ ಮಳಿಗಾಲಕ್ಕ ಬೇರು ಕೊಳೀತದ. ಸಸಿಗೆ 120ರಂತೆ ಕಳಕೊಂಡವರನ್ನ ಕೇಳ್ರಿ.

ಬೀದರ್ ಕೆಂಪುಮಣ್ಣು: ಕುಂಡದಾಗ ಅರ್ಧ ಮರಳು ಹಾಕಿದ್ರ ಎಲ್ಲಿಯಾದ್ರೂ ಬರ್ತದ. ಮಣ್ಣಿಗೆ ಯಾಕ ಬೈತೀರಿ?

ಯಾದಗಿರಿ ಮರುಗ: ತಂತಿ ಕಟಗಿ ಜಗಳ ಬದಿಗಿಡ್ರಿ, ಹಾರ ಹಾಳಾಗೋದು ಪತ್ರಿಯಿಂದ. ಮುಂಜಾನಿ ಇಬ್ಬನಿ ಆರಿದ ಮ್ಯಾಲ ಕೊಯ್ದು, ದಂಟು ನೀರಿನಾಗಿಟ್ಟು ನೆರಳಾಗ ಮೂರು ತಾಸು ಬಿಟ್ಟು ಕಟ್ಟಬೇಕು. ನೀರು ಕುಡಿಯದ ಪತ್ರಿ ಕಟ್ಟೋದ್ರಾಗೇ ಜೋಲು ಬೀಳ್ತದ. ಎಲಿ ಮ್ಯಾಲ ಹನಿ ಉಳಿದ್ರ ಒಳಗ ಬೂಸು. ಆರು ಇಂಚಿನ ಐದಾರು ಕಡ್ಡಿಗೆ ಒಂದು ಕಟ್ಟು, ಬುಡದ ಒಂದು ಇಂಚು ಎಲಿ ಸವರಿ. ಒಂದರ ಬುಡದ ಮ್ಯಾಲ ಇನ್ನೊಂದರ ತಲಿ ಬರಂಗ ಎರಡೆರಡು ಇಂಚಿಗೆ ಕೂಡಿಸಿದ್ರ 19 ಕಟ್ಟು ಹಿಡೀತಾವ. ಆದ್ರ ಒಣಗಿದ ಮ್ಯಾಲ ನಡುವ ಉಂಗುರ ಕಾಣ್ತದ, 28 ಹಾಕ್ರಿ.

ದಾರದಿಂದ ಕಟ್ಟಬ್ಯಾಡ್ರಿ. ದಂಟು ಸಣಕಲಾಗಿ ನಾಕನೇ ದಿನಕ್ಕ ಕಟ್ಟು ಜಾರಿ ಬೀಳ್ತದ. ಪ್ರತಿ ಕಟ್ಟಿಗೂ ಸಣ್ಣ ರಬ್ಬರ್ ಬ್ಯಾಂಡು ಹಾಕ್ರಿ, ಅದು ದಂಟಿನ ಸಂಗಟ ತಾನೂ ಬಿಗೀತದ. ಉಂಗುರಕ್ಕ ಕತ್ತರಿಸದ ಒಂದೇ ಎಳಿ ತಂತಿ, ಸಡಿಲಾದ್ರ ತುದಿ ತಿರುವಿದ್ರ ಸಾಕು.

ದೊಡ್ಡಪತ್ರಿ ಎಲಿಯೆಲ್ಲ ನೀರು, ಬಾಜೂಕಿನ ಕಟ್ಟನ್ನೂ ಕೊಳಸ್ತದ. ಪುದೀನ ಕರ್ರಗಾಗ್ತದ. ತಾಜಾ ಇರ್ಲಿ ಅಂತ ತುಳಸಿ, ಕಾಮಕಸ್ತೂರಿ ಫ್ರಿಜ್ಜಿನಾಗ ಇಟ್ರ ಥಂಡಿಗೇ ಕಪ್ಪು ಕಲಿ ಬೀಳ್ತಾವ. ಕರಿಬೇವು ಒಣಗಿದ್ರ ಬಾಗಿಲು ಬಡಿದಾಗೆಲ್ಲ ಉದುರ್ತದ. ಮರುಗ, ದವನ ಎರಡೇ ನಂಬಿಗಸ್ತ, ದವನಂತೂ ಒಣಗಿದಂಗ ಘಮ. ಮಜ್ಜಿಗಿ ಹುಲ್ಲನ್ನ ಜಡಿ ಹೆಣೆದು ಕೆಳಗ ಸುತ್ತಿದ್ರ ಚಂದ.

ಮಡಿ ಮನಿ: ತುಳಸಿ ದ್ವಾದಶಿಗೆ ಕೊಯ್ಯಬಾರದು, ಸಂಜಿಗೂ ಮುಟ್ಟಬಾರದು. ಯಾರೊಬ್ಬರೂ ಹೇಳಲಿಲ್ಲ. ರಬ್ಬರು ಹಾಕಿ ತುಳಸಿ ಕಟ್ಟೋದಂದ್ರೇನು!

ಯಾದಗಿರಿ ಮರುಗ: ಅಕ್ಕೋರ, ಅವರು ಪೂಜಿ ಕೇಳಿಲ್ಲ, ಕರ್ರಗಾಗೋದು ಕೇಳ್ಯಾರ.

ಮಡಿ ಮನಿ: ತಲಬಾಗಿಲು ಅಂದ ಮ್ಯಾಲ ಪೂಜಿನೇ. ತುಳಸಿ ಬಿಟ್ಟು ಕಣಗಿಲ ಹಾಕ್ರಿ, ಹೂವಿಂದ ಬಣ್ಣಾನೂ ಬರ್ತದ.

ಬೀದರ್ ಕೆಂಪುಮಣ್ಣು: ಕಣಗಿಲ ವಿಷ! ಎಲಿ, ಹೂ, ಕಡ್ಡಿ ಎಲ್ಲಾ. ಒಣ ಮರುಗ, ರೋಸ್ಮೇರಿ ಮುರಕೊಂಡು ಅಡಗಿಗೆ ಹಾಕೋರು ಇರ್ತಾರ. ಅದರಾಗ ಕಣಗಿಲ ಎಲಿ ಪುಡಿ ಕೂಡಿದ್ರ ದವಾಖಾನಿ ದಾರಿ. ಸಲಹಾ ಕೊಡೋ ಮುಂಚೆ ವಿಚಾರ ಮಾಡ್ರಿ.

ಮಡಿ ಮನಿ: ಬಾಗಿಲಿಗೆ ಹಾಕಿದ್ದು ಅಡಗಿಗೆ ಹಾಕ್ತೀರಾ? ರಸ್ತೆ ಧೂಳು ತಿನ್ರಿ ಹಂಗಾರ.

ತೊಗರಿ ಹೊಲ: ಈ ಮಾತು ಖರೇ ಅದ. ಅಡಗಿಗೆ ಬೇಕಂದ್ರ ಇನ್ನೊಂದು ಸಣ್ಣದು ಕಟ್ಟಿ ಒಳಗ ನೆರಳಾಗ ತೂಗ ಹಾಕ್ರಿ. ಒಲಿ ಮ್ಯಾಲ ಬ್ಯಾಡ, ಉಗಿ ಹತ್ತಿ ಮೆತ್ತಗಾಗ್ತದ.

ಹೊಸ ಬಾಗಿಲು, ಕಲಬುರಗಿ: ನಂದು ಪಶ್ಚಿಮದ ಬಾಗಿಲು, ಅದಕ್ಕೇನು ಮಾಡ್ಲಿ? ಯಾರೂ ಹೇಳಲಿಲ್ಲ.

ಯಾದಗಿರಿ ಮರುಗ: ಸಂಜಿ ಬಿಸಲು ನೇರ ಹೊಡೆದ್ರ ಹಸಿರು ಹೋಗಿ ಹುಲ್ಲಿನ ಬಣ್ಣ ಬರ್ತದ, ಘಮಾನೂ ಹಾರ್ತದ. ಮೊದಲ ಹತ್ತು ದಿನ ಒಳಗ ಗಾಳಿಯಾಡೋ ನೆರಳಾಗ ಒಣಗಿಸಿ ಆಮ್ಯಾಲ ಬಾಗಿಲಿಗೆ ಹಾಕ್ರಿ, ಅದೂ ಒಳಮಗ್ಗಲಿಗೆ. ನವೆಂಬರ್‌ನಿಂದ ಜನವರಿ ಚೊಲೋ. ಮೇ ತಿಂಗಳಾಗ 42 ಡಿಗ್ರಿ ಬಿಸಿಲಿಗೆ ಹೊರಗ ಹಾಕೋದು ಬೇಕಾರ. ಮಳಿಗಾಲದಾಗ ಕಟ್ಟಲೇಬ್ಯಾಡ್ರಿ.

ಬೀದರ್ ಕೆಂಪುಮಣ್ಣು: ತೊಗರಿ ಅಣ್ಣಾರ, ನಿಮ್ಮ ಪುಕ್ಕಟ ಕಟಗಿ ಕೊರೆಹುಳ ಹತ್ತಿ ಹಿಟ್ಟು ಉದುರಸ್ತದ, ಅದ್ಯಾಕ ಹೇಳಲಿಲ್ಲ?

ತೊಗರಿ ಹೊಲ: ನೆನಸೋ ಮೊದಲು ಕುದಿಯೋ ನೀರು ಸುರೀಬೇಕು, ಹುಳ ಸಾಯ್ತಾವ. ಬೇವಿನೆಣ್ಣಿ ಹಚ್ಚಬ್ಯಾಡ್ರಿ, ಮರುಗದ ವಾಸನಿ ನುಂಗ್ತದ. ನಿಮ್ಮ 830 ರೂಪಾಯಿ ಗೋಡಿಗಿಂತ ನನ್ನ ಹಿಟ್ಟು ಅಗ್ಗ ಅದ.